ಪಾರ್ಕಿನ್ಸನ್ ಇರುವವರು ಭಾರ ಎತ್ತಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 70 ವರ್ಷ. ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ದಿನಕ್ಕೆ ಮೂರು ಸಲ ಸಿಂಡೋಪಾ ಮಾತ್ರೆ ತೆಗೆದುಕೊಳ್ಳುತ್ತಾರೆ, ಮೊದಲನೆಯದು ಬೆಳಿಗ್ಗೆ ಎಂಟಕ್ಕೆ, ತಿಂಡಿ ಜೊತೆ. ಹುಟ್ಟೂರು ಮೈಸೂರು, ಹುಡುಗರಾಗಿದ್ದಾಗ ಗರಡಿಗೆ ಹೋಗಿ ನೂರಾರು ಬಸ್ಕಿ ಹೊಡೆದವರು. ಈಗ ಸೋಫಾದಿಂದ ಏಳಬೇಕಾದರೆ ನಾನು ಕೈ ಹಿಡಿದು ಎಳೆಯಬೇಕು. ಬೆಳಿಗ್ಗೆ ಐದೂವರೆಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಮಗ ಜಿಮ್‌ಗೆ ಸೇರಿಸೋಣ, ತೂಕ ಎತ್ತಿಸೋಣ ಅಂತಾನೆ. ನನಗೆ ಭಯ. ಈ ವಯಸ್ಸಿನಲ್ಲಿ ಭಾರ ಎತ್ತಿದರೆ ನಡುಕ ಜಾಸ್ತಿ ಆಗಲ್ವಾ? ವಾಕಿಂಗ್ ಸಾಲದಾ? (ರಾಜಾಜಿನಗರದ ಓದುಗರು)

ಉತ್ತರ: ಅಮ್ಮ, ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗ ಹೇಳುತ್ತಿರುವುದು ಸರಿ. ವಾಕಿಂಗ್ ಸಾಲದು. ನಿಮ್ಮ ಯಜಮಾನರು ಭಾರ ಎತ್ತಬೇಕು, ಅದೂ ಶಾಸ್ತ್ರಕ್ಕೆ ಎತ್ತಿದರೆ ಆಗುವುದಿಲ್ಲ, ಕೊಂಚ ಕಷ್ಟ ಆಗುವಷ್ಟು ಎತ್ತಬೇಕು. ಹಾಗಂತ ನಿಮ್ಮ ಭಯ ಸುಳ್ಳಲ್ಲ. ಯಾವ ಹೊತ್ತಿನಲ್ಲಿ, ಏನು ಹಿಡಿದುಕೊಂಡು, ಎಷ್ಟು ಅನ್ನುವುದು ತಪ್ಪಿದರೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಕಾಯಿಲೆ ಇದು. ನಾನು ಫಿಸಿಯೋಥೆರಪಿಸ್ಟ್. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಬೆಂಗಳೂರಿನಲ್ಲಿ ಮನೆಗಳಿಗೆ ಹೋಗಿ ಪಾರ್ಕಿನ್ಸನ್ ಇರುವ ಹಿರಿಯರಿಗೆ ವ್ಯಾಯಾಮ ಮಾಡಿಸುತ್ತಿದ್ದೇನೆ. ಆ ಅನುಭವದಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಒಂದೇ ಸಾಲನ್ನು. ನೀವು ಅವರ ಕೈ ಹಿಡಿದು ಎಳೆಯುತ್ತೀರಿ ಅಂದಿರಿ. ದಿನಕ್ಕೆ ಎಷ್ಟು ಸಲ? ಕಾಫಿಗೆ, ಸ್ನಾನಕ್ಕೆ, ಊಟಕ್ಕೆ, ಟಾಯ್ಲೆಟ್‌ಗೆ ಅಂತ ಲೆಕ್ಕ ಹಾಕಿದರೆ ಕಡಿಮೆ ಅಂದರೂ ಹದಿನೈದು ಸಲ ಆಗುತ್ತದೆ. ಅಂದರೆ ಅವರ ತೊಡೆ ಮಾಡಬೇಕಾದ ಹದಿನೈದು ಬಸ್ಕಿಯನ್ನು ದಿನಾ ನಿಮ್ಮ ಸೊಂಟ ಮಾಡುತ್ತಿದೆ. ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ಗೊತ್ತು. ಆದರೆ ತೊಡೆಗೆ ಅದು ಗೊತ್ತಾಗುವುದಿಲ್ಲ ಅಮ್ಮ. ಕೆಲಸ ಇಲ್ಲದ ಮಾಂಸಖಂಡ ಕರಗುತ್ತದೆ. ನಾಲ್ಕು ವರ್ಷದಲ್ಲಿ ಅವರ ಕಾಲಿನ ಬಲ ಹೋಗಿರುವುದರಲ್ಲಿ ಕಾಯಿಲೆಯ ಪಾಲು ಎಷ್ಟು, ಕೂತು ಕೂತು ಹೋಗಿದ್ದೆಷ್ಟು ಅಂತ ನೋಡಿದರೆ ಎರಡನೆಯದೇ ದೊಡ್ಡದಿದ್ದರೂ ನನಗೆ ಆಶ್ಚರ್ಯ ಆಗುವುದಿಲ್ಲ. ಅದು ಒಳ್ಳೆಯ ಸುದ್ದಿ. ಯಾಕೆಂದರೆ ಕೂತು ಕಳೆದುಕೊಂಡ ಬಲವನ್ನು 70ರಲ್ಲೂ ತಿರುಗಿ ತರಬಹುದು, 80ರಲ್ಲೂ ತರಬಹುದು.

ಪಾರ್ಕಿನ್ಸನ್ ಅಂದ ಕೂಡಲೇ ನಮ್ಮ ಜನ ನಡುಕ ಒಂದನ್ನೇ ನೋಡುತ್ತಾರೆ. ಆದರೆ ಜೇಮ್ಸ್ ಪಾರ್ಕಿನ್ಸನ್ ಅನ್ನುವ ಲಂಡನ್ನಿನ ವೈದ್ಯರು 1817ರಲ್ಲಿ ಈ ಕಾಯಿಲೆಯನ್ನು ಮೊದಲ ಸಲ ವಿವರವಾಗಿ ಬರೆದಾಗಲೇ, ನಡುಕದ ಜೊತೆಗೆ ಸ್ನಾಯುಗಳ ಬಲ ತಗ್ಗುವುದನ್ನೂ ಹೇಳಿದ್ದರು. ಆಗುವುದು ಇಷ್ಟು. ಮೆದುಳಿನ ಬುಡದ ಹತ್ತಿರ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಒಂದೊಂದೇ ಸಾಯುತ್ತವೆ. ಡೋಪಮೈನ್ ಕಡಿಮೆಯಾದರೆ ಮೆದುಳಿನಿಂದ ಸ್ನಾಯುವಿಗೆ ಹೋಗುವ ಅಪ್ಪಣೆ ದುರ್ಬಲವಾಗುತ್ತದೆ, ತಡವಾಗುತ್ತದೆ. ಸ್ನಾಯು ಚೆನ್ನಾಗಿದ್ದರೂ ಅದರ ಎಲ್ಲ ಎಳೆಗಳೂ ಒಟ್ಟಿಗೆ ಎದ್ದು ಕೆಲಸಕ್ಕೆ ಬರುವುದಿಲ್ಲ. ಅದರಲ್ಲೂ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳು, ಅಂದರೆ ತೊಡೆಯ ಮುಂಭಾಗ, ಪಿರ್ರೆ, ಬೆನ್ನು, ಇವು ಸೋಲುತ್ತವೆ. ಅದಕ್ಕೇ ಮಂಡಿ ಸ್ವಲ್ಪ ಮಡಚಿ, ಬೆನ್ನು ಬಾಗಿ, ತಲೆ ಮುಂದಕ್ಕೆ ಬಂದ ಆ ನಿಲುವು. ಇದರ ಮೇಲೆ ವಯಸ್ಸಿನ ಸವೆತ ಬೇರೆ ಸೇರಿಕೊಳ್ಳುತ್ತದೆ. ಕಾಯಿಲೆ ಇಲ್ಲದವರಿಗೂ ಅರವತ್ತು ದಾಟಿದ ಮೇಲೆ ಮಾಂಸಖಂಡ ವೇಗವಾಗಿ ಕರಗುತ್ತದೆ, ಅಲ್ವಾ.

ವಾಕಿಂಗ್ ಯಾಕೆ ಸಾಲದು ಅಂತ ಈಗ ನಿಮಗೇ ಹೊಳೆಯಬಹುದು. ನಡೆಯುವುದರಿಂದ ಎದೆಗೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು, ಮಲಬದ್ಧತೆಗೂ ಒಳ್ಳೆಯದು. ಬಿಡುವುದು ಬೇಡ. ಆದರೆ ಸಮತಟ್ಟಾದ ಪಾರ್ಕಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಹಾಕುವುದಕ್ಕೆ ತೊಡೆಯ ಬಲ ಹೆಚ್ಚು ಬೇಕಾಗುವುದೇ ಇಲ್ಲ. ಸೋಫಾದಿಂದ ಏಳುವುದಕ್ಕೆ, ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ, ನಮ್ಮ ಫುಟ್‌ಪಾತಿನ ಎದ್ದಿರುವ ಕಲ್ಲು ತಾಗಿ ಮುಗ್ಗರಿಸಿದಾಗ ತಕ್ಷಣ ಒಂದು ಕಾಲು ಮುಂದಿಟ್ಟು ಮೈ ತಡೆದುಕೊಳ್ಳುವುದಕ್ಕೆ ಬೇಕಾಗುವ ಬಲವೇ ಬೇರೆ. ಅದು ವಾಕಿಂಗಿನಿಂದ ಬರುವುದಿಲ್ಲ.

ವಾಕಿಂಗ್ ಮಾತು ಬಂದಿದ್ದಕ್ಕೆ ಇನ್ನೊಂದು ಮಾತು. ಅವರು ಐದೂವರೆಗೆ ಹೋಗುತ್ತಾರೆ, ಮೊದಲ ಮಾತ್ರೆ ಎಂಟಕ್ಕೆ. ಬೆಂಗಳೂರಿನ ಹಿರಿಯರಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಸರ್ವೀಸಿನಲ್ಲಿದ್ದಾಗಿನ ಅಭ್ಯಾಸ, ಸ್ನೇಹಿತರೂ ಅದೇ ಹೊತ್ತಿಗೆ ಲಾಲ್‌ಬಾಗ್‌ಗೋ ಸ್ಯಾಂಕಿ ಕೆರೆಗೋ ಬರುತ್ತಾರೆ, ಬಿಡುವುದು ಕಷ್ಟ. ಆದರೆ ರಾತ್ರಿಯ ಮಾತ್ರೆಯ ಪ್ರಭಾವ ಅಷ್ಟು ಹೊತ್ತಿಗೆ ಪೂರಾ ಇಳಿದಿರುತ್ತದೆ. ಮೈ ಅತಿ ಬಿಗಿಯಾಗಿ, ಕಾಲು ಅತಿ ಮೊಂಡಾಗಿ ಇರುವ ಹೊತ್ತು ಅದು. ಕತ್ತಲೆ ಬೇರೆ. ಈ ಮಾತ್ರೆ ಸಾಮಾನ್ಯವಾಗಿ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಆಮೇಲಿನ ಒಂದೆರಡು ಗಂಟೆ ಮೈ ಸಡಿಲವಾಗಿ, ಮುಖದಲ್ಲೂ ಕಳೆ ಬರುತ್ತದೆ. ನೀವು ನೋಡಿಯೇ ಇರುತ್ತೀರಿ. ವೈದ್ಯರು ಅದನ್ನು ಆನ್ ಸಮಯ ಅಂತಾರೆ. ವ್ಯಾಯಾಮ ಆ ಹೊತ್ತಿಗೇ ಇರಲಿ. ಮಾತ್ರೆ ಎಂಟಕ್ಕೆ ಆದರೆ ವ್ಯಾಯಾಮ ಒಂಬತ್ತೂವರೆಗೆ ಇಟ್ಟುಕೊಳ್ಳಿ, ಬಿಸಿಲೂ ಏರಿರುವುದಿಲ್ಲ, ತಿಂಡಿಯೂ ಸ್ವಲ್ಪ ಇಳಿದಿರುತ್ತದೆ.

ಮಾತ್ರೆಯನ್ನು ತಿಂಡಿ ಜೊತೆ ಕೊಡುತ್ತೀರಿ ಅಂದಿರಿ. ಅದನ್ನು ಒಮ್ಮೆ ನಿಮ್ಮ ನರರೋಗ ವೈದ್ಯರ ಹತ್ತಿರ ಕೇಳಿ. ಸಿಂಡೋಪಾದಲ್ಲಿರುವ ಮುಖ್ಯ ಔಷಧ ಲೆವೊಡೋಪಾ. ಅದು ಕರುಳಿನಿಂದ ರಕ್ತಕ್ಕೆ ಹೋಗುವ ದಾರಿಯಲ್ಲೇ ಊಟದ ಪ್ರೋಟೀನ್ ಕೂಡ ಹೋಗುತ್ತದೆ. ಎರಡೂ ಒಟ್ಟಿಗೆ ಬಂದರೆ ಮಾತ್ರೆಗೆ ಜಾಗ ಸಿಗುವುದಿಲ್ಲ. ಹಾಲು, ಪೊಂಗಲ್, ಪೆಸರಟ್ಟು, ಮೊಟ್ಟೆ ಜೊತೆ ನುಂಗಿದ ಮಾತ್ರೆ ಹತ್ತೂವರೆ ಆದರೂ ಹಿಡಿಯದೆ, ಮಾತ್ರೆಯೇ ಸರಿ ಇಲ್ಲ ಅಂತ ಜನ ಡೋಸ್ ಜಾಸ್ತಿ ಮಾಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಊಟ ತಿಂಡಿಗೆ ಅರ್ಧ ಗಂಟೆಯಾದರೂ ಮುಂಚೆ, ಬರೀ ನೀರಿನಲ್ಲಿ ನುಂಗುವುದು ಒಳ್ಳೆಯದು. ಹೊಟ್ಟೆ ತೊಳಸಿದ ಹಾಗಾದರೆ ಒಂದು ಮಾರಿ ಬಿಸ್ಕತ್ತು ಸಾಕು. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದನ್ನೂ ದೂರ ಇಡಬೇಕು. ಹಾಗಂತ ಪ್ರೋಟೀನ್ ಕಡಿಮೆ ಮಾಡಬೇಡಿ ಅಮ್ಮ, ಇದನ್ನು ಒತ್ತಿ ಹೇಳುತ್ತೇನೆ. ಕೆಲವರು ಅರ್ಧ ಓದಿಕೊಂಡು ಬೇಳೆ, ಮೊಸರು ಎಲ್ಲ ನಿಲ್ಲಿಸಿ ಬರೀ ಅನ್ನ ತಿಳಿಸಾರು ಹಾಕುತ್ತಾರೆ, ಮನುಷ್ಯ ಮೂರು ತಿಂಗಳಲ್ಲಿ ಕಡ್ಡಿ ಆಗುತ್ತಾರೆ. ಭಾರ ಎತ್ತಿದ ಸ್ನಾಯು ಬೆಳೆಯುವುದು ಪ್ರೋಟೀನಿನಿಂದಲೇ. ಕಾಳು ಸಾರು, ಮೊಳಕೆ ಹುರುಳಿ, ಪನೀರ್, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು, ಇವನ್ನೆಲ್ಲ ಕೊಡಿ. ಮಾತ್ರೆಯ ಹೊತ್ತಿನಿಂದ ದೂರ ಇಡಿ, ಅಷ್ಟೇ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಷ್ಟು ಅಂತ ವೈದ್ಯರನ್ನು ಕೇಳಿ.

ಇನ್ನು ನಡುಕದ ಪ್ರಶ್ನೆ. ಭಾರ ಎತ್ತುವಾಗ, ಎತ್ತಿದ ಮೇಲೆ ಹತ್ತಿಪ್ಪತ್ತು ನಿಮಿಷ ನಡುಕ ಜಾಸ್ತಿ ಕಾಣಬಹುದು. ಸಿಟ್ಟು ಬಂದಾಗ, ಮನೆಗೆ ನೆಂಟರು ಬಂದಾಗ ಜಾಸ್ತಿ ಆಗುತ್ತದಲ್ಲ, ಹಾಗೆಯೇ ಇದೂ. ಮೈ ಹುರುಪಿಗೆ ಬಂದಾಗ ನಡುಕವೂ ಏರುತ್ತದೆ, ಕೂತು ಸುಧಾರಿಸಿಕೊಂಡರೆ ಇಳಿಯುತ್ತದೆ. ಅದರಿಂದ ಕಾಯಿಲೆ ಮುಂದುವರಿಯುವುದಿಲ್ಲ, ಒಳಗೆ ಏನೂ ಹಾಳಾಗುವುದಿಲ್ಲ. ಭಾರ ಎತ್ತಿದರೆ ನಡುಕ ಪೂರ್ತಿ ಹೋಗುತ್ತದಾ ಅಂದರೆ, ಇಲ್ಲ. ಆ ಆಸೆ ಇಟ್ಟುಕೊಂಡು ಶುರು ಮಾಡಬೇಡಿ. ಏಳುವುದು, ನಡೆಯುವುದು, ತಿರುಗುವುದು, ಬೀಳದೆ ಇರುವುದು, ಇವುಗಳಿಗಾಗಿ ಮಾಡಬೇಕು.

ಇದು ನನ್ನೊಬ್ಬಳ ನಂಬಿಕೆಯೂ ಅಲ್ಲ. ಅಮೆರಿಕದ ಷಿಕಾಗೋದಲ್ಲಿ ಪಾರ್ಕಿನ್ಸನ್ ಇರುವ 48 ಜನರನ್ನು ಎರಡು ಗುಂಪು ಮಾಡಿ, ವಾರಕ್ಕೆ ಎರಡು ದಿನದಂತೆ ಎರಡು ವರ್ಷ ವ್ಯಾಯಾಮ ಮಾಡಿಸಿದರು. ಫಲಿತಾಂಶ ಬಂದಿದ್ದು 2013ರಲ್ಲಿ. ಒಂದು ಗುಂಪಿಗೆ ಮೈ ಹಿಗ್ಗಿಸುವುದು, ಬ್ಯಾಲೆನ್ಸ್, ಹಗುರ ವ್ಯಾಯಾಮ. ಇನ್ನೊಂದು ಗುಂಪಿಗೆ ಭಾರ, ಅದನ್ನು ಹಂತ ಹಂತವಾಗಿ ಏರಿಸುತ್ತಾ ಹೋದರು. ಮೊದಲ ಆರು ತಿಂಗಳು ಎರಡೂ ಗುಂಪಿನವರು ಸುಧಾರಿಸಿದರು. ಆಮೇಲೆ ದಾರಿ ಬೇರೆಯಾಯಿತು. ಎರಡು ವರ್ಷದ ಕೊನೆಗೆ ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲಿ ಪರೀಕ್ಷೆ ಮಾಡಿದಾಗ, ಭಾರ ಏರಿಸಿದವರ ಚಲನೆ ಇನ್ನೂ ಚೆನ್ನಾಗಿತ್ತು, ಹಗುರ ವ್ಯಾಯಾಮದವರು ಗಳಿಸಿದ್ದನ್ನು ಉಳಿಸಿಕೊಳ್ಳಲಿಲ್ಲ. ಅವರ ಸರಾಸರಿ ವಯಸ್ಸು ಅರವತ್ತರ ಹತ್ತಿರ, ನಿಮ್ಮ ಯಜಮಾನರಿಗಿಂತ ಚಿಕ್ಕವರು. ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಆ ವರದಿ ಓದಿದ ದಿನ ನನಗೆ ಒಂದು ಹಳೆಯ ನೋವು ಮರುಕಳಿಸಿತು.

ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಬಹಳ ಒಳ್ಳೆಯ ಮನುಷ್ಯರು. ವಯಸ್ಸಾದವರು, ಪಾರ್ಕಿನ್ಸನ್ ಬೇರೆ, ಎಲ್ಲಿ ಏನಾಗುತ್ತದೋ ಅಂತ ನಾನು ಒಂದು ವರ್ಷ ಪೂರ್ತಿ ಅವರಿಂದ ಅರ್ಧ ಕಿಲೋ ಡಂಬೆಲ್ ಮಾತ್ರ ಎತ್ತಿಸಿದೆ. ಕುರ್ಚಿ ಮೇಲೆ ಕೂತು ಕಾಲು ಚಾಚಿಸಿದೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. ವರ್ಷದ ಕೊನೆಗೆ ಅವರಿಗೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಅವರ ಶ್ರದ್ಧೆಗೆ ತಕ್ಕ ಕೆಲಸವನ್ನು ನಾನು ಕೊಡಲಿಲ್ಲ. ಅದು ನನ್ನ ತಪ್ಪು. ಅಂದಿನಿಂದ ನಾನು ಯಾರಿಗೂ ವಯಸ್ಸು ನೋಡಿ ಭಾರ ನಿರ್ಧಾರ ಮಾಡಿಲ್ಲ, ಅವರ ಮೈಯನ್ನು ನೋಡಿಯೇ ಮಾಡುತ್ತೇನೆ.

ಶುರು ಮಾಡುವ ಮುಂಚೆ ಎರಡು ಪರೀಕ್ಷೆ ಆಗಬೇಕು. ಒಂದು, ಹೃದಯದ್ದು. ಎದೆನೋವು, ಸ್ಟೆಂಟ್, ಬಿಪಿ ಏರುಪೇರು ಇದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ಬೇಡ. ಎರಡನೆಯದು ನೀವೇ ಮನೆಯಲ್ಲಿ ಮಾಡಬಹುದು. ಬಿಪಿ ಮಿಷನ್ ಇದ್ದರೆ ಅವರು ಐದು ನಿಮಿಷ ಮಲಗಿದ ಮೇಲೆ ಒಮ್ಮೆ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಿ. ಪಾರ್ಕಿನ್ಸನ್‌ನಲ್ಲಿ ಇದು ಬಹಳ ಸಾಮಾನ್ಯ. ಕಾಯಿಲೆಯೂ ಬಿಪಿ ಇಳಿಸುತ್ತದೆ, ಮಾತ್ರೆಯೂ ಇಳಿಸುತ್ತದೆ. ಎದ್ದ ಕೂಡಲೇ ಕಣ್ಣು ಕತ್ತಲೆ ಬಂದು ಬೀಳುವುದು ಇದರಿಂದಲೇ, ಮನೆಯವರು ಮಾತ್ರ ಕಾಲು ಜಾರಿತು ಅಂದುಕೊಳ್ಳುತ್ತಾರೆ. ಈ ಮೊದಲೇ ಒಮ್ಮೆ ಬಿದ್ದಿದ್ದರೆ ಮೂಳೆಯ ಗಟ್ಟಿತನದ ಪರೀಕ್ಷೆಯನ್ನೂ, ವಿಟಮಿನ್ ಡಿ ಪರೀಕ್ಷೆಯನ್ನೂ ಮಾಡಿಸಿಬಿಡಿ.

ಈಗ ಕೆಲಸಕ್ಕೆ ಬರೋಣ. ಜಿಮ್ ಆಮೇಲೆ ನೋಡೋಣ, ಮೊದಲ ಎರಡು ತಿಂಗಳು ನಿಮ್ಮ ಮನೆಯ ಕುರ್ಚಿಯೇ ಸಾಕು. ಸೋಫಾ ಬೇಡ, ಅದು ಹುದುಗಿಕೊಳ್ಳುತ್ತದೆ, ಗಟ್ಟಿ ಆಳುಗಳಿಗೂ ಅದರಿಂದ ಏಳುವುದು ಕಷ್ಟ. ಪ್ಲಾಸ್ಟಿಕ್ ಕುರ್ಚಿಯೂ ಬೇಡ, ಏಳುವಾಗ ಹಿಂದಕ್ಕೆ ಜಾರುತ್ತದೆ. ಮರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಕಾಲೊರೆಸು ತೆಗೆದಿಡಿ. ಪಂಚೆ, ಲುಂಗಿ ಕಾಲಿಗೆ ತೊಡರುತ್ತದೆ, ಪ್ಯಾಂಟೋ ಚಡ್ಡಿಯೋ ಹಾಕಿಸಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಹಿಡಿತ ಇರುವ ಶೂ ಇರಲಿ.

ಏಳುವುದನ್ನು ಹೀಗೆ ಕಲಿಸಿ. ಮೊದಲು ಕುರ್ಚಿಯ ಅಂಚಿಗೆ ಬರಬೇಕು. ಪಾದ ಮಂಡಿಗಿಂತ ಸ್ವಲ್ಪ ಹಿಂದೆ. ಆಮೇಲೆ ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಬೇಕು. ಪಾರ್ಕಿನ್ಸನ್ ಇರುವವರು ಇಲ್ಲೇ ಎಡವುತ್ತಾರೆ. ಮುಂದೆ ಬಿದ್ದುಬಿಡುತ್ತೇನೆ ಅನ್ನುವ ಹೆದರಿಕೆಗೆ ಮೈಯನ್ನು ಹಿಂದೆ ಹಿಡಿದುಕೊಂಡೇ ಏಳಲು ನೋಡುತ್ತಾರೆ, ಅರ್ಧ ಎದ್ದು ದೊಪ್ಪನೆ ಹಿಂದಕ್ಕೆ ಕೂರುತ್ತಾರೆ. ನೀವು ಕೈ ಹಿಡಿದು ಎಳೆದಾಗ ಅವರ ಮೈ ಇನ್ನೂ ಹಿಂದಕ್ಕೆ ಜಗ್ಗುತ್ತದೆ, ಗಮನಿಸಿ ನೋಡಿ. ಬದಲಿಗೆ ಎದುರಿಗೆ ಒಂದು ಭಾರದ ಟೇಬಲ್ ಇಡಿ, ಬೇಕಾದರೆ ಅವರು ಅದರ ಮೇಲೆ ಕೈ ಇಡಲಿ. ನೀವು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ಅವರ ಬಲಹೀನ ಕಡೆಗೆ ನಿಂತುಕೊಳ್ಳಿ. ಅವರ ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿದರೆ ಅದನ್ನು ಹಿಡಿದುಕೊಳ್ಳಬಹುದು, ಎಳೆಯಬೇಡಿ. ಒಂದು, ಎರಡು, ಮೂರು, ಏಳಿ ಅಂತ ಗಟ್ಟಿಯಾಗಿ ಎಣಿಸಿ. ಈ ಎಣಿಕೆಗೆ ದೊಡ್ಡ ಅರ್ಥ ಇದೆ. ಒಳಗಿನ ತಾಳ ತಪ್ಪಿರುವ ಮೆದುಳಿಗೆ ಹೊರಗಿನಿಂದ ಕೇಳಿಸುವ ತಾಳ ಆಸರೆಯಾಗುತ್ತದೆ. ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟರೂ ಇದೇ ಉಪಾಯ. ಎಳೆಯಬೇಡಿ, ತಾಳ ಹಾಕಿ, ಇಲ್ಲವೇ ನೆಲದ ಮೇಲಿನ ಒಂದು ಗೆರೆ ತೋರಿಸಿ ಅದನ್ನು ದಾಟಿ ಅನ್ನಿ.

ಏಳುವುದು ಚುರುಕಾಗಿ ಇರಲಿ, ಕೂರುವುದು ನಿಧಾನವಾಗಿ, ಮೂರು ಎಣಿಸುತ್ತಾ. ಮುಗ್ಗರಿಸಿದಾಗ ಮೈ ತಡೆಯಲು ಬೇಕಾಗುವುದು ಚುರುಕಿನ ಬಲ. ಈ ಕಾಯಿಲೆ ಮೊದಲು ಕದಿಯುವುದೂ ಅದನ್ನೇ. ಎದ್ದ ಮೇಲೆ ಪೂರ್ತಿ ನೆಟ್ಟಗೆ ನಿಂತು ಎದೆ ಅಗಲ ಮಾಡಬೇಕು. ಅವರು ಮಾಡುತ್ತಿದ್ದೇನಲ್ಲ ಅಂತಾರೆ, ನೀವು ನೋಡಿದರೆ ಅರ್ಧವೇ ಎದ್ದಿರುತ್ತಾರೆ. ಇದು ಮೊಂಡುತನ ಅಲ್ಲ. ತನ್ನ ಚಲನೆ ಸಣ್ಣದಾಗುತ್ತಿರುವುದು ಆ ಮೆದುಳಿಗೆ ಗೊತ್ತಾಗುವುದಿಲ್ಲ. ಅವರಿಗೆ ಅತಿ ಆಯಿತು ಅನ್ನಿಸುವಷ್ಟು ದೊಡ್ಡದಾಗಿ ಮಾಡಿದರೆ ನಮ್ಮ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಕನ್ನಡಿ ಮುಂದೆ ಮಾಡಿಸಿ.

ಮೊದಲ ವಾರ ಎಂಟು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಎಂಟು ಸಲ. ಆಗದಿದ್ದರೆ ಕುರ್ಚಿಯ ಮೇಲೆ ಮಡಚಿದ ಜಮಖಾನ ಹಾಕಿ ಎತ್ತರ ಮಾಡಿ. ಮಂಡಿನೋವು ಇದ್ದವರಿಗೂ ಇದೇ ದಾರಿ. ಎರಡು ಸುತ್ತಿನಲ್ಲೂ ಹದಿನೈದು ಸಲ ಸಲೀಸಾಗಿ ಆಗುತ್ತಿದೆ ಅಂತ ಕಂಡ ದಿನ ಜಮಖಾನ ತೆಗೆಯಿರಿ. ಆಮೇಲೆ ಭಾರ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕಿಲೋ. ರಾಗಿ ಹಿಟ್ಟಿನ ಪ್ಯಾಕೆಟ್ಟೂ ಆಗುತ್ತದೆ. ಅದನ್ನು ಒಂದು ಚೀಲದಲ್ಲಿ ಹಾಕಿ ಎದೆಗೆ ಅಪ್ಪಿಕೊಂಡು ಏಳಬೇಕು. ಬೆನ್ನಿಗೆ ಹಾಕಬೇಡಿ, ಹಿಂದಕ್ಕೆ ಎಳೆಯುತ್ತದೆ. ಎದೆಯ ಮೇಲಿನ ಭಾರ ಮುಂದಕ್ಕೆ ಬಾಗಲೂ ಸಹಾಯ ಮಾಡುತ್ತದೆ. ಒಂದು ಕಿಲೋ, ಎರಡು, ಮೂರು, ಹೀಗೆ. ಎಷ್ಟು ಭಾರ ಸರಿ ಅಂದರೆ, ಕೊನೆಯ ಎರಡು ಸಲ ನಿಜವಾಗಿ ಕಷ್ಟ ಆಗಬೇಕು, ಆದರೂ ಭಂಗಿ ಕೆಡಬಾರದು. ಹದಿನೈದನೆಯದು ಮೊದಲನೆಯದರಷ್ಟೇ ಸುಲಭ ಅನ್ನಿಸಿದರೆ ಅದು ಭಾರ ಅಲ್ಲ. ಉಸಿರು ಬಿಗಿಹಿಡಿಯಬಾರದು, ಏಳುವಾಗ ಉಸಿರು ಬಿಡಬೇಕು. ಅವರೇ ಗಟ್ಟಿ ದನಿಯಲ್ಲಿ ಎಣಿಸಿದರೆ ಉಸಿರು ತಾನಾಗಿ ಹೋಗುತ್ತದೆ, ಕುಗ್ಗುತ್ತಿರುವ ದನಿಗೂ ಕೆಲಸ ಸಿಗುತ್ತದೆ. ಗರಡಿಯಲ್ಲಿ ಎಣಿಸುತ್ತಿದ್ದ ಹಾಗೆ ಎಣಿಸಿ ಅನ್ನಿ. ಬಸ್ಕಿ ಅಂತಲೇ ಕರೆಯಿರಿ, ಎಕ್ಸರ್ಸೈಜ್ ಅನ್ನಬೇಡಿ. ಮೈ ಮರೆತರೂ ಆ ಪದ ಅವರ ನೆನಪಿನಲ್ಲಿ ಇನ್ನೂ ಇರುತ್ತದೆ.

ಇದರ ಜೊತೆಗೆ ಇನ್ನು ಮೂರು ನಾಲ್ಕು ಸೇರಿಸಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಕೂತು ಕಾಲ್ಬೆರಳು ಎತ್ತುವುದು, ಕಾಲೆಳೆದು ನಡೆಯುವವರಿಗೆ ಇದು ಬೇಕೇ ಬೇಕು. ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎರಡೂ ಮೊಣಕೈಯನ್ನು ಹಿಂದಕ್ಕೆ ಎಳೆಯುವುದು, ಬಾಗಿದ ಬೆನ್ನಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಗೋಡೆಗೆ ಕೈ ಕೊಟ್ಟು ದಂಡ. ಮಂಚದ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಇದು ಬಂದರೆ ರಾತ್ರಿ ಮಗ್ಗಲು ಬದಲಿಸಲು ನಿಮ್ಮನ್ನು ಎಬ್ಬಿಸುವುದು ಕಡಿಮೆ ಆಗುತ್ತದೆ. ಒಟ್ಟು ಅರ್ಧ ಗಂಟೆ, ಮುಕ್ಕಾಲು ಗಂಟೆ. ವಾರಕ್ಕೆ ಎರಡು ಅಥವಾ ಮೂರು ದಿನ, ಮಧ್ಯೆ ಒಂದು ದಿನ ಬಿಡುವು. ಬಿಡುವಿನ ದಿನ ವಾಕಿಂಗ್ ಮಾಡಲಿ. ಸ್ನಾಯು ಬೆಳೆಯುವುದು ಆ ಬಿಡುವಿನಲ್ಲೇ, ದಿನಾ ಮಾಡಿಸಿ ಸುಸ್ತು ಮಾಡಬೇಡಿ. ಮಾರನೆಯ ದಿನ ತೊಡೆಯಲ್ಲಿ ಸ್ವಲ್ಪ ನೋವು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಎದೆ ಹಿಡಿದ ಹಾಗಾಗುವುದು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮಾಡುತ್ತಿರುವಾಗ ಮಾತನಾಡಿಸಬೇಡಿ. ಆಟೋದವನಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿದರೂ ಸಾಕು, ಗಮನ ಅತ್ತ ಹೋಗಿ ಕಾಲು ಸೋಲುತ್ತದೆ. ಒಂದು ಹೊತ್ತಿಗೆ ಎರಡು ಕೆಲಸ ಈ ಕಾಯಿಲೆಯಲ್ಲಿ ದುಬಾರಿ.

ಜಿಮ್‌ಗೆ ಸೇರಿಸಬೇಕು ಅಂತ ಮಗನಿಗೆ ಆಸೆ ಇದ್ದರೆ, ಎರಡು ತಿಂಗಳು ಮನೆಯಲ್ಲಿ ಮಾಡಿದ ಮೇಲೆ ಆಗಲಿ. ಕೂತು ಮಾಡುವ ಯಂತ್ರಗಳು ಈ ಕಾಯಿಲೆಗೆ ಒಳ್ಳೆಯವು. ಲೆಗ್ ಪ್ರೆಸ್, ಕೂತು ಎಳೆಯುವ ರೋ, ಇವುಗಳಲ್ಲಿ ಬೀಳುವ ಭಯ ಇಲ್ಲದೆ ಭಾರ ಏರಿಸಬಹುದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜಿಮ್ ಖಾಲಿ ಇರುತ್ತದೆ, ಆಗ ಹೋಗಲಿ. ಟ್ರೈನರ್ ಹುಡುಗನಿಗೆ ಮಾತ್ರೆಯ ಸಮಯ, ಬಿಪಿ ವಿಷಯ ಎರಡನ್ನೂ ಮಗನೇ ಕೂತು ಹೇಳಬೇಕು. ತಲೆ ಮೇಲೆ ರಾಡ್ ಎತ್ತಿಸುವುದು ಬೇಡ. ಪಾರ್ಕುಗಳಲ್ಲಿ ಹಾಕಿರುವ ಓಪನ್ ಜಿಮ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕೂತು ಕಾಲಿನಿಂದ ತಳ್ಳುವುದು ಆಗಬಹುದು. ಎರಡು ಹಲಗೆ ಮೇಲೆ ನಿಂತು ಕಾಲು ಹಿಂದೆ ಮುಂದೆ ತೂಗುವುದು, ಸೊಂಟ ತಿರುಗಿಸುವ ತಟ್ಟೆ, ಇವೆರಡರ ಹತ್ತಿರ ನಿಮ್ಮ ಯಜಮಾನರನ್ನು ಬಿಡಬೇಡಿ. ಕಾಲ ಕೆಳಗಿನ ನೆಲವೇ ಅಲ್ಲಾಡಿದರೆ ಅವರಿಗೆ ಸುಧಾರಿಸಿಕೊಳ್ಳಲು ಆಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಅವರು ಒಪ್ಪುವುದಿಲ್ಲ, ಮಲಗೇ ಇರುತ್ತಾರೆ ಅಂತ ನೀವು ಅಂದುಕೊಳ್ಳುತ್ತಿರಬಹುದು. ಬಹಳ ಮನೆಗಳಲ್ಲಿ ಜಗಳ ಆಗುವುದೇ ಇಲ್ಲಿ. ಗರಡಿ ಹುಡುಗ ಈಗ ಸೋಮಾರಿ ಆದ ಅಂತ ನೋವಾಗುತ್ತದೆ. ಸೋಮಾರಿತನ ಅಲ್ಲ ಅಮ್ಮ. ಒಂದು ಕೆಲಸ ಮಾಡಬೇಕು ಅನ್ನುವ ಉಮೇದು ಹುಟ್ಟುವುದಕ್ಕೂ ಇದೇ ಡೋಪಮೈನ್ ಬೇಕು. ಅದು ಬತ್ತಿದಾಗ ಮನಸ್ಸು ಮೇಲೇಳುವುದಿಲ್ಲ. ಖಿನ್ನತೆ ಕೂಡ ಈ ಕಾಯಿಲೆಯ ಭಾಗವಾಗಿ ಬರುತ್ತದೆ, ಅದಕ್ಕೆ ಔಷಧ ಇದೆ, ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಹಾಗಾಗಿ ಮನಸ್ಸು ಬಂದಾಗ ಮಾಡಲಿ ಅಂತ ಕಾಯಬೇಡಿ. ಸೋಮವಾರ, ಬುಧವಾರ, ಶುಕ್ರವಾರ ಒಂಬತ್ತೂವರೆ ಅಂದರೆ ಒಂಬತ್ತೂವರೆ, ದೇವರ ದೀಪ ಹಚ್ಚುವ ಹಾಗೆ. ನೀವೂ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಮಾಡಿ. ನಿಮ್ಮ ತೊಡೆಗೂ ಮೂಳೆಗೂ ಅದು ಬೇಕು, ಎಷ್ಟು ವರ್ಷದಿಂದ ಎಳೆಯುತ್ತಿದ್ದೀರಿ. ಅಕ್ಕಪಕ್ಕದಲ್ಲಿ ಇದೇ ಕಾಯಿಲೆಯವರು ಇದ್ದರೆ ಒಟ್ಟಿಗೆ ಕೂರಿಸಿ. ಗುಂಪಿನಲ್ಲಿ ಎಣಿಸುವಾಗ ಬರುವ ಹುರುಪು ಒಬ್ಬರೇ ಎಣಿಸುವಾಗ ಬರುವುದಿಲ್ಲ.

ಮೊದಲ ಮೂರು ನಾಲ್ಕು ಸಲ ಮಾತ್ರ ಒಬ್ಬ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿಸಿ, ಭಂಗಿ ಸರಿಯಾಗಲಿ. ನೆಲಕ್ಕೆ ಬಿದ್ದರೆ ಕುರ್ಚಿ ಹಿಡಿದು ಹೇಗೆ ಏಳುವುದು ಅಂತಲೂ ಅವರ ಹತ್ತಿರವೇ ಕಲಿತುಕೊಳ್ಳಿ, ನೀವಿಬ್ಬರೂ. ನಿಮ್ಹಾನ್ಸ್‌ನಲ್ಲಿ ನರರೋಗದವರ ಪುನಶ್ಚೇತನಕ್ಕೇ ಒಂದು ವಿಭಾಗ ಇದೆ, ಅಲ್ಲಿಯೂ ತೋರಿಸಬಹುದು. ಡಿಬಿಎಸ್, ಅಂದರೆ ಮೆದುಳಿನೊಳಗೆ ಸಣ್ಣ ವಿದ್ಯುತ್ ತಂತಿ ಇಡುವ ಆಪರೇಶನ್ ಆದವರು, ಪದೇ ಪದೇ ಬೀಳುವವರು, ಮರೆವು ಜಾಸ್ತಿ ಇರುವವರು ಫಿಸಿಯೋ ಇಲ್ಲದೆ ಮನೆಯಲ್ಲಿ ಶುರು ಮಾಡಲೇಬೇಡಿ.

ಶುರು ಮಾಡುವ ದಿನ ಒಂದು ಕೆಲಸ ಮಾಡಿ. ಮಾತ್ರೆ ಹಿಡಿದ ಹೊತ್ತಿನಲ್ಲಿ ಅವರು ಎದೆಗೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ, ನೀವು ಮೊಬೈಲಿನಲ್ಲಿ ಸೆಕೆಂಡ್ ನೋಡಿ. ಪಾರ್ಕಿನ್ಸನ್ ಇರುವವರಿಗೆ 16 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಹೆಚ್ಚು ಅಂತ ನಾವು ಲೆಕ್ಕ ಹಾಕುತ್ತೇವೆ. ಅವರಿಗೆ ಈಗ ಮೂವತ್ತು ಬರಬಹುದು, ಕೈ ಬಿಟ್ಟು ಒಮ್ಮೆಯೂ ಏಳಲು ಆಗದೆಯೂ ಇರಬಹುದು. ಏನೇ ಬರಲಿ, ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಆ ದಿನದ ಚೌಕದಲ್ಲಿ ಬರೆದಿಡಿ. ಮೊದಲ ತಿಂಗಳು ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಎಂಟು ವಾರ ಆದ ಮೇಲೆ ಅದೇ ಕುರ್ಚಿ, ಅದೇ ಹೊತ್ತು, ಮತ್ತೆ ಐದು ಸಲ. ಆ ಎರಡು ಅಂಕಿಗಳನ್ನು ನನಗೆ ಬರೆದು ಕಳಿಸಿ, ಮುಂದೆ ಎಷ್ಟು ಭಾರ ಅಂತ ಅದನ್ನು ನೋಡಿ ಹೇಳುತ್ತೇನೆ.